54 ದಾಟದ ಅಪ್ಪ: ಪತ್ರಿಕೆಯ ಸಜಾಎ, ಟಿವಿಯ ಸಜಾಎ

ಜಪಾನಿನ ಕಾಮಿಕ್ಸ್ ಬಗ್ಗೆ ಮಾತು ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಕಡಲ್ಗಳ್ಳ ಲೂಫಿಯನ್ನೋ ನಿಂಜಾ ನರುಟೊನನ್ನೋ ನೆನೆಸಿಕೊಂಡು ಬಂದಿರುತ್ತೀರಿ. ತಪ್ಪೇನಿಲ್ಲ. ಲೂಫಿಯ ಕಾಮಿಕ್ಸ್ 'ಒನ್ ಪೀಸ್' 1997ರಲ್ಲಿ ಶುರುವಾಯಿತು, ಅದರ ಅನಿಮೆ, ಅಂದರೆ ಟಿವಿ ಕಾರ್ಟೂನ್, 1999ರಿಂದ ಬರುತ್ತಿದೆ, ಅದಕ್ಕೇ ನಾವು 'ಅಬ್ಬಾ, ಇದು ಮುಗಿಯೋದೇ ಇಲ್ವಾ' ಅಂತೀವಿ. ನಾನು ಇವತ್ತು ಹೇಳಲು ಹೊರಟಿರುವ ಅನಿಮೆ ಶುರುವಾಗಿದ್ದು 1969ರ ಅಕ್ಟೋಬರ್ 5ರಂದು. ಅವತ್ತು ಭಾನುವಾರ. ಅವತ್ತಿನಿಂದ ಇವತ್ತಿನವರೆಗೆ ಪ್ರತಿ ಭಾನುವಾರ ಸಂಜೆ ಆರೂವರೆಗೆ, ಅದೇ ಫುಜಿ ಟಿವಿಯಲ್ಲಿ, ಅದೇ ಮನೆ, ಅದೇ ಜನ. 2013ರಲ್ಲಿ ಗಿನ್ನೆಸ್‌ನವರು ಜಗತ್ತಿನಲ್ಲೇ ಅತಿ ದೀರ್ಘಕಾಲ ನಡೆದ ಟಿವಿ ಅನಿಮೇಷನ್ ಅಂತ ಇದಕ್ಕೆ ಸರ್ಟಿಫಿಕೇಟ್ ಕೊಟ್ಟರು.

ಇದರ ಹೆಸರು 'ಸಜಾಎ-ಸಾನ್'. ಭಾರತದಲ್ಲಿ ಇದನ್ನು ನೋಡಿದವರು ತೀರಾ ಕಮ್ಮಿ. ಯಾಕೆ ಅನ್ನುವುದಕ್ಕೆ ಕೊನೆಗೆ ಬರುತ್ತೇನೆ, ಅದೇ ಒಂದು ಕಥೆ. ಇದರಲ್ಲಿ ಕತ್ತಿ ಇಲ್ಲ, ರೋಬೋ ಇಲ್ಲ, ಯಾರೂ ಯಾರನ್ನೂ ಸೋಲಿಸುವುದಿಲ್ಲ. ಒಂದು ಮನೆ, ಏಳು ಜನ, ಒಂದು ಬೆಕ್ಕು. ಅಪ್ಪ ನಾಮಿಹೇ, ಅಮ್ಮ ಫುನೆ, ದೊಡ್ಡ ಮಗಳು ಸಜಾಎ, ಅವಳ ಗಂಡ ಮಾಸುಓ, ಅವಳ ತಮ್ಮ ಕಾತ್ಸುಓ, ತಂಗಿ ವಾಕಾಮೆ, ಮತ್ತೆ ಸಜಾಎಯ ಪುಟ್ಟ ಮಗ ತಾರಾ. ಎಲ್ಲ ಹೆಸರೂ ಸಮುದ್ರದ್ದೇ. ಸಜಾಎ ಅಂದರೆ ಒಂದು ಜಾತಿಯ ಶಂಖದ ಹುಳ, ಜಪಾನೀಯರು ಸುಟ್ಟು ತಿನ್ನುತ್ತಾರೆ. ತಮ್ಮ ಒಂದು ಮೀನು, ಗಂಡ ಇನ್ನೊಂದು ಮೀನು, ತಂಗಿ ಸೂಪಿಗೆ ಹಾಕುವ ಕಡಲ ಪಾಚಿ. ಅಪ್ಪನ ಹೆಸರಿನಲ್ಲಿ ಅಲೆ ಇದೆ, ಅಮ್ಮ ಅಂದರೆ ದೋಣಿ.

ಈ ಮನೆ ಎರಡು ಸಲ ಹುಟ್ಟಿತು. ಒಮ್ಮೆ ಪತ್ರಿಕೆಯಲ್ಲಿ, ಒಮ್ಮೆ ಟಿವಿಯಲ್ಲಿ. ಎರಡರಲ್ಲೂ ಅದೇ ಜನ. ಆದರೆ ಪತ್ರಿಕೆಯ ಸಜಾಎ ದಿನದ ಸುದ್ದಿಯ ಜೊತೆ ಓಡಿದವಳು, ಟಿವಿಯ ಸಜಾಎ ಒಂದು ಜಾಗದಲ್ಲಿ ಕೂತು ಏಳಲೇ ಇಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಬರೆದವರ ಬಗ್ಗೆ. ಹಾಸೆಗಾವಾ ಮಾಚಿಕೊ. 1920ರಲ್ಲಿ ಸಾಗಾ ಪ್ರಾಂತ್ಯದಲ್ಲಿ ಹುಟ್ಟಿದ್ದು, ಬೆಳೆದದ್ದು ಫುಕುಓಕಾದಲ್ಲಿ. ಮೂವರು ಅಕ್ಕತಂಗಿಯರಲ್ಲಿ ಇವರು ನಡುವಿನವರು. ಅಪ್ಪ ಬೇಗ ತೀರಿಕೊಂಡರು, ಅಮ್ಮ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತೋಕಿಯೊಗೆ ಬಂದರು. ಹುಡುಗಿಗೆ ಚಿತ್ರ ಬಿಡಿಸುವ ಹುಚ್ಚು. ಆ ಕಾಲಕ್ಕೆ ಬಹಳ ಹೆಸರು ಮಾಡಿದ್ದ ತಾಗಾವಾ ಸುಇಹೋ ಅನ್ನುವ ಕಾಮಿಕ್ಸ್ ಕಲಾವಿದರ ಹತ್ತಿರ ಶಿಷ್ಯೆಯಾಗಿ ಸೇರಿ, 1935ರಲ್ಲೇ, ಅಂದರೆ ಇನ್ನೂ ಹದಿನೈದರ ಹುಡುಗಿಯಾಗಿದ್ದಾಗಲೇ, ಪತ್ರಿಕೆಯಲ್ಲಿ ಅಚ್ಚಾದರು. ಯುದ್ಧ ಜೋರಾದಾಗ ಕುಟುಂಬ ಮತ್ತೆ ಫುಕುಓಕಾಗೆ ವಾಪಸ್ಸಾಯಿತು. ಯುದ್ಧ ಮುಗಿದ ಮೇಲೆ ಅಲ್ಲಿನ ಹೊಸ ಸಂಜೆ ಪತ್ರಿಕೆ 'ಫುಕುನಿಚಿ'ಯವರು ದಿನಾ ಹಾಕಲು ಒಂದು ಕಾಮಿಕ್ಸ್ ಕೇಳಿದರು. ಇವರು ಮೊಮೊಚಿ ಅನ್ನುವ ಕಡಲ ದಂಡೆಯಲ್ಲಿ ಅಡ್ಡಾಡುತ್ತಾ ಪಾತ್ರಗಳನ್ನೂ ಹೆಸರುಗಳನ್ನೂ ಯೋಚಿಸಿದರು. ಅದಕ್ಕೇ ಇಷ್ಟೊಂದು ಮೀನು. ಆ ದಂಡೆ ಈಗಿಲ್ಲ. ಮುಂದೆ ಸಮುದ್ರವನ್ನು ತುಂಬಿಸಿ ಅಲ್ಲಿ ಬಡಾವಣೆ ಎಬ್ಬಿಸಿದ್ದಾರೆ.

ಮೊದಲ ಸ್ಟ್ರಿಪ್, ಅಂದರೆ ಒಂದು ದಿನದ ಪುಟ್ಟ ಕಾಮಿಕ್ಸ್, ಬಂದದ್ದು 1946ರ ಏಪ್ರಿಲ್ 22ರಂದು. ಈ ತಾರೀಕನ್ನು ಸುಮ್ನೆ ಹೇಳುತ್ತಿಲ್ಲ. ಅದಕ್ಕೆ ಸರಿಯಾಗಿ ಹನ್ನೆರಡು ದಿನ ಮೊದಲು, ಏಪ್ರಿಲ್ 10ರಂದು, ಜಪಾನಿನಲ್ಲಿ ಹೆಂಗಸರು ಮೊದಲ ಬಾರಿಗೆ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದ್ದರು. 39 ಮಹಿಳೆಯರು ಗೆದ್ದು ಸಂಸತ್ತಿಗೆ ಹೋದರು. ಅದೇ ತಿಂಗಳಲ್ಲಿ ಪತ್ರಿಕೆಯಲ್ಲಿ ಒಬ್ಬಳು ಕಾಣಿಸಿಕೊಳ್ಳುತ್ತಾಳೆ. ಗಟ್ಟಿಯಾಗಿ ಮಾತಾಡುತ್ತಾಳೆ, ಓಡುತ್ತಾಳೆ, ಮರೆಯುತ್ತಾಳೆ, ತಮ್ಮನ ಹಿಂದೆ ಬೀದಿಯಲ್ಲೇ ಅಟ್ಟಿಸಿಕೊಂಡು ಹೋಗುತ್ತಾಳೆ. ಮದುವೆಗೆ ಮುಂಚೆ ಒಂದು ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ಕೆಲಸವನ್ನೂ ಮಾಡುತ್ತಾಳೆ. ಊರು ಬಾಂಬಿಗೆ ಸುಟ್ಟುಹೋಗಿದೆ, ಅಕ್ಕಿಗೆ ರೇಷನ್, ಹೊರಗೆ ಕಾಳಸಂತೆ, ಬೀದಿಯಲ್ಲಿ ಅಮೆರಿಕದ ಸೈನಿಕರು. ಇವಳು ಅದರ ನಡುವೆಯೇ ನಗಿಸುತ್ತಾಳೆ.

ಇಲ್ಲಿ ನಾಲ್ಕು ಚೌಕದ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇದು ಬೇಕಾಗುತ್ತದೆ. ಜಪಾನಿನ ಪತ್ರಿಕೆಗಳಲ್ಲಿ ನಾಲ್ಕು ಚೌಕಗಳು ಮೇಲಿನಿಂದ ಕೆಳಕ್ಕೆ ಇರುತ್ತವೆ. ಮೊದಲ ಚೌಕದಲ್ಲಿ ಸನ್ನಿವೇಶ. ಎರಡನೆಯದರಲ್ಲಿ ಅದೇ ಸ್ವಲ್ಪ ಮುಂದಕ್ಕೆ. ಮೂರನೆಯದರಲ್ಲಿ ತಿರುವು. ನಾಲ್ಕನೆಯದರಲ್ಲಿ ಮುಕ್ತಾಯ. ಎಷ್ಟೋ ಸಲ ಹಾಸೆಗಾವಾ ಕೊನೆಯ ಚೌಕದಲ್ಲಿ ಮಾತೇ ಇಡುವುದಿಲ್ಲ. ಸಜಾಎ ಮುಖ ಕೆಂಪು ಮಾಡಿಕೊಂಡು ನಿಂತಿರುತ್ತಾಳೆ, ಅಷ್ಟೇ. ಓದಲು ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡಿಗಾಗಿ ದಿನಾ ಹೊಸದೊಂದು ಯೋಚಿಸಬೇಕು, ದಿನಾ ಅಂದರೆ ದಿನಾ. ಇದನ್ನು ಅವರು ವರ್ಷಗಟ್ಟಲೆ ಮಾಡಿದರು, ನಡುವೆ ಹೊಟ್ಟೆಯ ಕಾಯಿಲೆ, ಬಿಡುವು, ಮತ್ತೆ ಶುರು, ಹೀಗೆ.

ಅವರು ಅದನ್ನು ಇಷ್ಟು ದೂರ ಎಳೆಯಬೇಕು ಅಂದುಕೊಂಡೇ ಇರಲಿಲ್ಲ. ಕುಟುಂಬ ಮತ್ತೆ ತೋಕಿಯೊಗೆ ಹೋಗುವುದು ಅಂತ ತೀರ್ಮಾನವಾದಾಗ ಸಜಾಎಗೆ ಗಡಿಬಿಡಿಯಲ್ಲಿ ಮದುವೆ ಮಾಡಿ ಕಥೆ ಮುಗಿಸಿದರು. ನಮ್ಮ ಧಾರಾವಾಹಿಗಳಲ್ಲೂ ಹಾಗೇ ಅಲ್ವಾ, ಏನೂ ತೋಚದಿದ್ದರೆ ಮದುವೆ. ಆದರೆ ಓದುಗರು ಬಿಡಲಿಲ್ಲ, ಮತ್ತೆ ಶುರುಮಾಡಿದರು.

ಪುಸ್ತಕದ ವಿಷಯ ಇನ್ನೂ ಮಜಾ ಇದೆ. ತೋಕಿಯೊಗೆ ಬಂದ ಮೇಲೆ ಅಮ್ಮನ ಒತ್ತಾಯಕ್ಕೆ ಅಕ್ಕತಂಗಿಯರೇ ಸೇರಿ ಪ್ರಕಾಶನ ಮಾಡಿದರು. ಹೆಸರೇ 'ಶಿಮಾಇಶಾ', ಅಕ್ಕತಂಗಿಯರ ಕಂಪನಿ. ಮೊದಲ ಸಂಪುಟವನ್ನು ಅಡ್ಡಡ್ಡವಾಗಿ, ದೊಡ್ಡ ಅಳತೆಯಲ್ಲಿ ಅಚ್ಚು ಹಾಕಿಸಿದರು. ಅಂಗಡಿಯವರು ಈ ಅಳತೆಯ ಪುಸ್ತಕ ಸಾಲಿನಲ್ಲಿ ನಿಲ್ಲಿಸಲು ಆಗುವುದಿಲ್ಲ ಅಂತ ಗೊಣಗಿದರು, ಕಟ್ಟುಕಟ್ಟಾಗಿ ವಾಪಸ್ ಬಂತು. ಸಾಲ ಮಾಡಿ ಹಾಕಿಸಿದ್ದ ಪುಸ್ತಕ, ಮನೆ ತುಂಬ ರಾಶಿ. ಎರಡನೆಯ ಸಂಪುಟವನ್ನು ಸಣ್ಣ ಅಳತೆಯಲ್ಲಿ ತಂದರು. ಅದು ಹೋಯಿತು ನೋಡಿ, ಹಿಂದೆಯೇ ಜನ ಮೊದಲನೆಯದನ್ನೂ ಕೇಳಿಕೊಂಡು ಬಂದರು. ಮುಂದೆ ಇದೇ ಮನೆ-ಪ್ರಕಾಶನದಿಂದ 68 ಸಂಪುಟಗಳು ಬಂದವು. ಸ್ವಂತ ಕೃತಿಯ ಹಿಡಿತ ಸ್ವಂತ ಕೈಯಲ್ಲೇ ಇಟ್ಟುಕೊಳ್ಳುವ ಬುದ್ಧಿ ಆ ಮನೆಗೆ ಆಗಲೇ ಬಂದಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

1949ರ ಡಿಸೆಂಬರಿನಲ್ಲಿ ಸಜಾಎ ದೇಶದ ದೊಡ್ಡ ಪತ್ರಿಕೆ 'ಅಸಾಹಿ ಶಿಂಬುನ್'ನ ಸಂಜೆ ಆವೃತ್ತಿಗೆ ಬಂದಳು, 1951ರ ಏಪ್ರಿಲ್‌ನಲ್ಲಿ ಬೆಳಗಿನ ಆವೃತ್ತಿಗೆ. ಬೆಳಗಿನ ಆ ಜಾಗದಲ್ಲಿ ಅಲ್ಲಿಯವರೆಗೆ ಯಾರಿದ್ದರು ಗೊತ್ತಾ? 'ಬ್ಲಾಂಡಿ'. ಅಮೆರಿಕದ ಕಾಮಿಕ್ಸ್, ನಿಮ್ಮಲ್ಲಿ ಹಿರಿಯರು ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರಲ್ಲಿ ಗಂಡ ರಾತ್ರಿ ಎದ್ದು ಫ್ರಿಜ್ ತೆಗೆದು ಒಂದು ಮೊಳ ಎತ್ತರದ ಸ್ಯಾಂಡ್‌ವಿಚ್ ಮಾಡಿಕೊಂಡು ತಿನ್ನುತ್ತಾನೆ. ಹೊಟ್ಟೆಗಿಲ್ಲದ ಜಪಾನೀಯರು ಎರಡು ವರ್ಷ ಬೆಳಗಾಗೆದ್ದು ಆ ಸ್ಯಾಂಡ್‌ವಿಚ್ಚನ್ನು ನೋಡಿದರು. ಆಮೇಲೆ ಅದೇ ಚೌಕದಲ್ಲಿ ಸಜಾಎ ಬಂದು ಕೂತಳು. ಅವಳ ಮನೆಯಲ್ಲಿ ಫ್ರಿಜ್ ಇರಲಿಲ್ಲ.

ಈಗ ಗಂಡನ ವಿಷಯ. ಮಾಸುಓ ಹೆಂಡತಿಯ ತವರುಮನೆಯಲ್ಲೇ ಇರುತ್ತಾನೆ, ನಮ್ಮ ಮಾತಿನಲ್ಲಿ ಮನೆ ಅಳಿಯ. ಆದರೆ ಒಂದು ವ್ಯತ್ಯಾಸ ಇದೆ. ಜಪಾನಿನಲ್ಲಿ ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನು ದತ್ತು ತೆಗೆದುಕೊಳ್ಳುವ ಹಳೆಯ ಪದ್ಧತಿ ಇದೆ, ಆಗ ಅವನ ಮನೆತನದ ಹೆಸರೇ ಬದಲಾಗುತ್ತದೆ. ಮಾಸುಓ ಹಾಗಲ್ಲ. ಮಾವನ ಮನೆ ಇಸೊನೊ, ಇವನು ಫುಗುತಾ, ಅವನ ಹೆಸರು ಅವನದ್ದೇ. ಹಾಗಾದರೆ ಅಲ್ಲಿ ಯಾಕಿದ್ದಾನೆ? ಕಾಮಿಕ್ಸಿನಲ್ಲಿ ಇದಕ್ಕೆ ಕಾರಣ ಇದೆ, ನನಗೆ ತುಂಬಾ ಇಷ್ಟವಾದದ್ದು. ಗಂಡಹೆಂಡತಿ ಮೊದಲು ಬೇರೆ ಬಾಡಿಗೆ ಮನೆಯಲ್ಲೇ ಇದ್ದರು. ಸೌದೆ ಇರಲಿಲ್ಲ. ಮಾಸುಓ ಗರಗಸ ತಗೊಂಡು ಮನೆಯ ಮರದ ಬೇಲಿಯನ್ನೇ ಕೊಯ್ದು ಒಲೆಗೆ ಹಾಕಲು ಹೊರಟ. ಮಾಲೀಕ ಕಂಡ, ಮನೆ ಖಾಲಿ ಮಾಡಿಸಿದ. ಬೇರೆ ಮನೆ ಸಿಗುವ ಕಾಲವಲ್ಲ, ಅರ್ಧ ಊರು ಸುಟ್ಟುಹೋಗಿದೆ. ಮಾವನ ಮನೆ ಸೇರಿದರು.

ನೋಡಿ, ಜನ ಇವತ್ತು ಈ ಮನೆಯನ್ನು ಜಪಾನಿನ ಅವಿಭಕ್ತ ಕುಟುಂಬದ ಆದರ್ಶ ಅಂತ ಹೇಳುತ್ತಾರೆ. ಮೂರು ತಲೆಮಾರು, ಒಂದೇ ಊಟದ ಮಣೆ, ಆಹಾ ಓಹೋ. ಅದರ ಬುಡದಲ್ಲಿರುವುದು ಸೌದೆಯ ಕೊರತೆ, ಬಾಡಿಗೆ ಮನೆಯ ಕೊರತೆ. ಹಾಸೆಗಾವಾ ಆದರ್ಶ ಬರೆಯಲಿಲ್ಲ, ಅವತ್ತು ಪಕ್ಕದ ಬೀದಿಯಲ್ಲಿ ಏನು ನಡೆಯುತ್ತಿತ್ತೋ ಅದನ್ನು ಬರೆದರು. ಮುಂದೆ ಮನೆಗೆ ವಾಷಿಂಗ್ ಮೆಷಿನ್ ಬಂತು, ಟಿವಿ ಬಂತು, ಬೆಲೆ ಏರಿತು, ಮುಷ್ಕರ ಆಯಿತು, ಎಲ್ಲವೂ ಆಯಾ ಕಾಲಕ್ಕೆ ಸ್ಟ್ರಿಪ್ಪಿಗೆ ಬಂದವು. ಆರು ಸಾವಿರಕ್ಕೂ ಜಾಸ್ತಿ ಸ್ಟ್ರಿಪ್‌ಗಳು. ಯುದ್ಧಾನಂತರದ ಜಪಾನಿನ ಮನೆಯೊಳಗಿನ ಇತಿಹಾಸ ಬೇಕೆಂದರೆ ಇತಿಹಾಸದ ಪುಸ್ತಕಕ್ಕಿಂತ ಮೊದಲು ನಾನು ಇದನ್ನು ಕೈಗೆ ಕೊಡುತ್ತೇನೆ.

ಆ ಸ್ಟ್ರಿಪ್‌ಗಳಲ್ಲಿ ಹುಳಿಯೂ ಇದೆ. ಎಲ್ಲರೂ ಒಳ್ಳೆಯವರಲ್ಲ. ಹಾಸೆಗಾವಾಗೆ ಈ ಹುಳಿ ಸಾಕಾಗಲಿಲ್ಲವೋ ಏನೋ, 1966ರಿಂದ ಇನ್ನೊಂದು ಸರಣಿ ಶುರುಮಾಡಿದರು, 'ಇಜಿವಾರು ಬಾಆಸಾನ್'. ಕಿಡಿಗೇಡಿ ಮುದುಕಿ ಅನ್ನಬಹುದು. ಕೆಲಸವೇ ಬೇರೆಯವರ ನೆಮ್ಮದಿ ಕೆಡಿಸುವುದು. ಇದು ಸ್ವಲ್ಪ ದಾರಿ ಬಿಟ್ಟ ಮಾತು, ಆದರೂ ಹೇಳಿಬಿಡುತ್ತೇನೆ: ಅದು ಟಿವಿ ನಾಟಕವಾದಾಗ ಆ ಮುದುಕಿಯ ವೇಷ ಹಾಕಿದ್ದು ಆಓಶಿಮಾ ಯುಕಿಯೊ ಅನ್ನುವ ಹಾಸ್ಯನಟ. ಅವರು ಮುಂದೆ 1995ರಲ್ಲಿ ತೋಕಿಯೊದ ಗವರ್ನರ್ ಆದರು. ಸೀರೆ ಉಟ್ಟು ನಗಿಸಿದ ನಮ್ಮ ನಟರು ಯಾರಾದರೂ ಮುಖ್ಯಮಂತ್ರಿ ಆಗಿದ್ದಾರಾ, ನೀವೇ ಯೋಚಿಸಿ.

ಸರಿ, ಟಿವಿಗೆ ಬರೋಣ. ಅದಕ್ಕೂ ಮೊದಲು ಸಿನಿಮಾ ಆಗಿತ್ತು. 1956ರಿಂದ ಗಾಯಕಿ ಎರಿ ಚಿಎಮಿ ಸಜಾಎ ಆಗಿ ಒಂದರ ಹಿಂದೆ ಒಂದು ಸಿನಿಮಾ ಮಾಡಿದರು, ಆಮೇಲೆ ಅವರೇ ಟಿವಿ ನಾಟಕದಲ್ಲೂ ಇದ್ದರು. ಅದೆಲ್ಲ ಬಂತು, ಹೋಯಿತು. ಉಳಿದದ್ದು 1969ರ ಅನಿಮೆ.

ಇದನ್ನು ಮಾಡುವ ಸ್ಟುಡಿಯೊ ಎಇಕೆನ್. ಅರ್ಧ ಗಂಟೆಯಲ್ಲಿ ಮೂರು ಪುಟ್ಟ ಕಥೆಗಳು, ಒಂದೊಂದು ಸುಮಾರು ಏಳು ನಿಮಿಷ. ಈಗ ಆ ನಾಲ್ಕು ಚೌಕಗಳನ್ನು ನೆನಪು ಮಾಡಿಕೊಳ್ಳಿ. ಹತ್ತು ಸೆಕೆಂಡಿನ ವಸ್ತುವನ್ನು ಏಳು ನಿಮಿಷ ಎಳೆಯುವುದು ಹೇಗೆ? ಬರಹಗಾರರು ಒಂದೆರಡು ಸ್ಟ್ರಿಪ್‌ಗಳನ್ನು ಆರಿಸಿ, ನಡುವೆ ಕಥೆ ಹೆಣೆದು, ಮೂಲದ ನಗೆಯನ್ನು ಎಲ್ಲೋ ಒಂದು ಕಡೆ ಕೂರಿಸುತ್ತಾರೆ. ಹಾಗೆ ಹೆಣೆಯಬೇಕಾದರೆ ಕಥೆಯನ್ನು ಮುಂದಕ್ಕೆ ತಳ್ಳುವವರು ಬೇಕು. ಆ ಕೆಲಸ ತಮ್ಮ ಕಾತ್ಸುಓ ಮೇಲೆ ಬಿತ್ತು. ಐದನೇ ಕ್ಲಾಸಿನ ಹುಡುಗ, ಓದು ಹತ್ತುವುದಿಲ್ಲ, ಬುದ್ಧಿ ಬೇಕಾದಷ್ಟಿದೆ. ಮೊಟ್ಟಮೊದಲು ಪ್ರಸಾರವಾದ ಕಥೆಯ ಹೆಸರೇ '75 ಅಂಕದ ಪ್ರತಿಭಾವಂತ', ಅದರ ನಾಯಕ ಇವನೇ. ಅದನ್ನು ಬರೆದವರು ತ್ಸುಜಿ ಮಾಸಾಕಿ, ಮುಂದೆ ಪತ್ತೇದಾರಿ ಕಾದಂಬರಿಕಾರರಾಗಿ ಹೆಸರು ಮಾಡಿದವರು. ಹೀಗಾಗಿ ಪತ್ರಿಕೆಯಲ್ಲಿ ಸಜಾಎಯದ್ದಾಗಿದ್ದ ಕಥೆ ಟಿವಿಯಲ್ಲಿ ಅರ್ಧಕ್ಕರ್ಧ ತಮ್ಮನದ್ದಾಯಿತು. ನನ್ನನ್ನು ಕೇಳಿದರೆ ಇದು ನಷ್ಟವೇ. ಸಜಾಎ ತಾನೇ ಎಡವಟ್ಟು ಮಾಡುವವಳಾಗಿದ್ದಳು, ಟಿವಿಯಲ್ಲಿ ಅವಳು ತಮ್ಮನ ಎಡವಟ್ಟಿಗೆ ಬೈಯುವ ಅಕ್ಕ.

ಆ ಹುಡುಗನಿಗೆ ಶುರುವಿನ ಕೆಲವು ತಿಂಗಳು ದನಿ ಕೊಟ್ಟವರು ಓಯಾಮಾ ನೊಬುಯೊ. ಹೆಸರು ಕೇಳಿರಲಿಕ್ಕಿಲ್ಲ. ಆದರೆ 1979ರಿಂದ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಜಪಾನಿನಲ್ಲಿ ಡೋರೆಮಾನ್ ಮಾತಾಡಿದ್ದು ಅವರ ದನಿಯಲ್ಲೇ. ನಮ್ಮ ಮಕ್ಕಳು ಹಿಂದಿಯಲ್ಲಿ ನೋಡಿ ಮನೆಯಲ್ಲೂ ಹಿಂದಿ ಮಾತಾಡಲು ಶುರುಮಾಡಿದರಲ್ಲ, ಅದೇ ಡೋರೆಮಾನ್.

ಶುರುವಿನ ಕಂತುಗಳಲ್ಲಿ ಓಡಾಟ, ಬೀಳಾಟ, ಒದೆದಾಟ ಜಾಸ್ತಿ. ವರ್ಷ ಕಳೆದಂತೆ ಅದು ಮೆತ್ತಗಾಯಿತು. ಮೆತ್ತಗಾದಷ್ಟೂ ಜನ ಜಾಸ್ತಿಯಾದರು, ಇದು ವಿಚಿತ್ರ. 1979ರ ಸೆಪ್ಟೆಂಬರ್ 16ರಂದು ತೋಕಿಯೊ ಸುತ್ತಮುತ್ತಲ ಪ್ರದೇಶದಲ್ಲಿ ರೇಟಿಂಗ್ 39.4 ಶೇಕಡಾ ಮುಟ್ಟಿತು.

ಅಷ್ಟರಲ್ಲಿ ಪತ್ರಿಕೆಯ ಸಜಾಎ ನಿಂತುಹೋಗಿದ್ದಳು. 1974ರ ಫೆಬ್ರವರಿ 21ರಂದು ಕೊನೆಯ ಸ್ಟ್ರಿಪ್ ಬಂತು. ಹಾಸೆಗಾವಾಗೆ ಆರೋಗ್ಯ ಸರಿಯಿರಲಿಲ್ಲ. ಮುಕ್ತಾಯ ಅಂತ ದೊಡ್ಡದಾಗಿ ಏನೂ ಮಾಡಲಿಲ್ಲ, ರಜೆ ಅಂತ ನಿಂತದ್ದು ಮತ್ತೆ ಶುರುವಾಗಲಿಲ್ಲ. ಇಲ್ಲಿಂದ ಮುಂದೆ ಟಿವಿಯವರಿಗೆ ಹೊಸ ಸ್ಟ್ರಿಪ್ ಇಲ್ಲ. ಇರುವುದು 1946ರಿಂದ 74ರವರೆಗಿನದು. ಅದನ್ನೇ ತಿರುಗಿಸಿ ಮುರುಗಿಸಿ ಇವತ್ತಿನವರೆಗೂ ಮಾಡುತ್ತಿದ್ದಾರೆ. ಆದ್ದರಿಂದ ಆ ಮನೆಯಲ್ಲಿ ಕಾಲವೂ ಅಲ್ಲೇ ನಿಂತಿತು. ಕರಿ ಬಣ್ಣದ, ಬೆರಳು ಹಾಕಿ ತಿರುಗಿಸುವ ಫೋನು. ಹಿಂದಕ್ಕೆ ಡುಬ್ಬ ಇರುವ ಟಿವಿ. ಕೈಯಲ್ಲಿ ಮೊಬೈಲ್ ಇಲ್ಲ. ಶೋಗೆ ಮೊದಲಿನಿಂದ 2018ರವರೆಗೆ ಪ್ರಾಯೋಜಕರು ತೋಶಿಬಾ, ಅಂದರೆ ಟಿವಿ ಫ್ರಿಜ್ ಮಾರುವ ಕಂಪನಿ. ಹೊಸ ಟಿವಿ ಮಾರುವವರ ದುಡ್ಡಿನಲ್ಲಿ ನಡೆಯುವ ಮನೆಯಲ್ಲಿ ಹೊಸ ಟಿವಿ ಇಲ್ಲ. ಜಾಹೀರಾತಿನಲ್ಲಿ ಮಾತ್ರ.

ಕಾಲ ನಿಂತದ್ದರ ಅತಿ ದೊಡ್ಡ ಸಾಕ್ಷಿ ಅಪ್ಪ ನಾಮಿಹೇ. ತಲೆ ಬೋಳು, ನಡುನೆತ್ತಿಯಲ್ಲಿ ಒಂದೇ ಒಂದು ಕೂದಲು. ಮನೆಗೆ ಬಂದ ಮೇಲೆ ಕಿಮೋನೊ, ಮೂಗಿನ ಕೆಳಗೆ ಮೀಸೆ, ಸಿಟ್ಟು ಬಂದರೆ ಗುಡುಗು. ಇವರ ವಯಸ್ಸು ಎಷ್ಟು ಹೇಳಿ? ಎಪ್ಪತ್ತು? ಅರವತ್ತೈದು? ಅನಿಮೆಯ ಪ್ರಕಾರ 54. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಕೆಲವರ ಮುಖ ಈಗ ಬದಲಾಯಿತು, ಕ್ಷಮಿಸಿ. ಮೊನ್ನೆ ಮೊನ್ನೆ ಜಿಮ್‌ಗೆ ಸೇರಿದವರ ವಯಸ್ಸು ಅದು. ಆದರೆ ಆ ಸಂಖ್ಯೆಗೆ ಲೆಕ್ಕ ಇದೆ. ಆ ಕಾಲದಲ್ಲಿ ಜಪಾನಿನ ಕಂಪನಿಗಳಲ್ಲಿ ನಿವೃತ್ತಿ ಸಾಮಾನ್ಯವಾಗಿ 55ಕ್ಕೆ. ಅಂದರೆ ನಾಮಿಹೇ ಇನ್ನೊಂದು ವರ್ಷಕ್ಕೆ ಮನೆಗೆ ಹೋಗುವವರು. 60ಕ್ಕಿಂತ ಕೆಳಗೆ ನಿವೃತ್ತಿ ಇಡಬಾರದು ಅಂತ ಕಡ್ಡಾಯವಾದದ್ದು 1998ರಲ್ಲಿ. ಈಗ 65ರವರೆಗೂ ಕೆಲಸ ಮಾಡುತ್ತಾರೆ. ಜಪಾನಿನ ಜನ ತಮಗೆ 54 ತುಂಬಿದ ದಿನ 'ನಾನೂ ನಾಮಿಹೇ ವಯಸ್ಸಿಗೆ ಬಂದೆ' ಅಂತ ಹೇಳಿಕೊಳ್ಳುವುದಿದೆ. ಆ ವಯಸ್ಸಿನ ಸಿನಿಮಾ ನಟರ ಫೋಟೊ ಪಕ್ಕ ಇವರನ್ನಿಟ್ಟು ನಗುವುದಿದೆ.

ಚಿತ್ರ ಮುದಿಯಾಗುವುದಿಲ್ಲ, ದನಿ ಕೊಡುವವರು ಆಗುತ್ತಾರೆ. ನಾಮಿಹೇಗೆ ಮೊದಲಿನಿಂದ ದನಿಯಾಗಿದ್ದವರು ನಾಗಾಇ ಇಚಿರೊ. 1969ರಲ್ಲಿ ಅವರಿಗೆ 38. ತನಗಿಂತ ಹದಿನಾರು ವರ್ಷ ದೊಡ್ಡವನ ಪಾತ್ರ. ನಡುವೆ ಒಂದು ದಿನ ಪಾತ್ರದ ವಯಸ್ಸನ್ನು ಮುಟ್ಟಿದರು, ದಾಟಿದರು, 2014ರ ಜನವರಿಯಲ್ಲಿ 82ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರೇ ನಾಮಿಹೇ. ಆಗ ಆ ಪಾತ್ರ ಅವರಿಗಿಂತ 28 ವರ್ಷ ಚಿಕ್ಕದು. ಮೂರು ವರ್ಷದ ತಾರಾಗೆ ದನಿ ಕೊಟ್ಟ ಕಿಫುನೆ... ಅಲ್ಲ, ಸಾಸುಗಾ ತಾಕಾಕೊ, ಹೆಸರು ನಾಲಿಗೆಗೆ ಬರಲಿಲ್ಲ, ಅವರು 2023ರಲ್ಲಿ 87ರಲ್ಲಿ ತೀರಿಕೊಂಡರು. ಐವತ್ತಕ್ಕೂ ಹೆಚ್ಚು ವರ್ಷ ಅವರು ಮೂರು ವರ್ಷದ ಮಗು. ಸಜಾಎಯ ದನಿ ಮಾತ್ರ ಮೊದಲ ಕಂತಿನಿಂದ ಒಬ್ಬರದ್ದೇ, ಕಾತೊ ಮಿದೊರಿ. 1939ರಲ್ಲಿ ಹುಟ್ಟಿದವರು. ಸಜಾಎಗೆ 24 ವರ್ಷ.

ನಿಂತ ಕಾಲಕ್ಕೆ ಹೊರಗಿನ ಕಾಲ ಬಂದು ಢಿಕ್ಕಿ ಹೊಡೆದದ್ದೂ ಇದೆ. 2020ರ ಏಪ್ರಿಲ್ ಕೊನೆ, ಕೊರೊನಾ, ಜಪಾನಿನಲ್ಲಿ ಎಲ್ಲರೂ ಮನೆಯಲ್ಲಿರಿ ಅಂತ ಹೇಳಿದ್ದಾರೆ. ಆ ಭಾನುವಾರ ಸಜಾಎ ಮನೆಯವರು ರಜೆಗೆ ಅಂತ ಪ್ರಾಣಿಸಂಗ್ರಹಾಲಯಕ್ಕೆ ಹೊರಟರು. ಕೆಲವರು ಆನ್‌ಲೈನಿನಲ್ಲಿ ಕೂಗಾಡಿದರು, ಇಂಥ ಹೊತ್ತಲ್ಲಿ ಹೊರಗೆ ಹೋಗುತ್ತಾರಾ ಅಂತ. ಇನ್ನು ಕೆಲವರು ಕೂಗಾಡಿದವರನ್ನು ಬೈದರು, ಅವರು ಕಾರ್ಟೂನ್ ಕಣಯ್ಯಾ ಅಂತ. ಸ್ವಲ್ಪ ದಿನಕ್ಕೆ ದನಿ ಮುದ್ರಣವೇ ನಿಂತು, ಮೇ ಮಧ್ಯದಿಂದ ಒಂದು ತಿಂಗಳು ಹಳೆಯ ಕಂತು ಹಾಕಬೇಕಾಯಿತು. ಭಾನುವಾರದ ಆ ಹೊತ್ತಿಗೆ ಹಾಗೆ ಹಳೆಯದನ್ನು ಹಾಕಿದ್ದು 1975ರ ನಂತರ ಅದೇ ಮೊದಲು.

ನನಗೆ ಕೂಗಾಡಿದವರ ಬಗ್ಗೆ ನಗು ಬರಲಿಲ್ಲ. ಹಾಸೆಗಾವಾ ಬದುಕಿದ್ದು ದಿನಾ ಬರೆಯುತ್ತಿದ್ದರೆ ಮಾರನೆಯ ದಿನವೇ ಸಜಾಎ ಮಾಸ್ಕ್ ಮರೆತು ಅಂಗಡಿಗೆ ಹೋಗಿ ಓಡಿ ವಾಪಸ್ ಬರುತ್ತಿದ್ದಳು. ಸೋಪು ಸಿಗದಿದ್ದರೆ ಅದೇ ಒಂದು ಸ್ಟ್ರಿಪ್ ಆಗುತ್ತಿತ್ತು. ಜನ ಗೊತ್ತಿಲ್ಲದೆಯೇ ಕೇಳಿದ್ದು ಆ ಪತ್ರಿಕೆಯ ಸಜಾಎಯನ್ನು. ಟಿವಿಯಲ್ಲಿ ಅವಳಿಲ್ಲ.

ಹಾಗಂತ ಟಿವಿಯದ್ದು ಬರೀ ಹಳೆಯ ಸರಕು ಅಂತ ನಾನು ತಳ್ಳಿಹಾಕುವುದಿಲ್ಲ. ಅದು ಮಾಡಿದ ಕೆಲಸವೇ ಬೇರೆ. ಜಪಾನಿನಲ್ಲಿ 'ಸಜಾಎ-ಸಾನ್ ಸಿಂಡ್ರೋಮ್' ಅಂತ ಒಂದು ಮಾತಿದೆ. ಕೊನೆಯ ಹಾಡು ಬರುತ್ತದೆ, ಮನೆಯವರೆಲ್ಲ ಸಾಲಾಗಿ ಓಡಿ ಒಂದು ಪುಟ್ಟ ಗುಡಿಸಿಲಿನೊಳಗೆ ನುಗ್ಗುತ್ತಾರೆ, ಗುಡಿಸಿಲು ಹಿಗ್ಗಿ ಕುಗ್ಗಿ ಕುಣಿಯುತ್ತದೆ, ನೋಡುತ್ತಾ ಕೂತವನ ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ. ಯಾಕೆಂದರೆ ಭಾನುವಾರ ಮುಗಿಯಿತು, ನಾಳೆ ಆಫೀಸು. ನಮಗೆ ಆ ಸಂಕಟ ಇಲ್ಲವೇ? ಇದೆ, ಅದಕ್ಕೊಂದು ಹಾಡು ಇಲ್ಲ, ಅಷ್ಟೇ. 2005ರಲ್ಲಿ ದೈವಾ ಸಂಶೋಧನಾ ಸಂಸ್ಥೆಯವರು ಇನ್ನೂ ಮುಂದೆ ಹೋಗಿ, ಸಜಾಎ ರೇಟಿಂಗ್ ಏರಿದಾಗ ಷೇರು ಪೇಟೆ ಇಳಿಯುತ್ತದೆ, ಇದು ಇಳಿದಾಗ ಅದು ಏರುತ್ತದೆ ಅಂತ ಲೆಕ್ಕ ತೋರಿಸಿದರು. ತರ್ಕ ಇಷ್ಟು: ಜನರ ಕೈಯಲ್ಲಿ ದುಡ್ಡಿದ್ದರೆ ಭಾನುವಾರ ಸಂಜೆ ಹೊರಗಿರುತ್ತಾರೆ, ಇಲ್ಲದಿದ್ದರೆ ಮನೆಯಲ್ಲಿ ಕೂತು ಸಜಾಎ ನೋಡುತ್ತಾರೆ. ಇದನ್ನು ನಂಬಿ ಯಾರೂ ಷೇರು ತಗೋಬೇಡಿ.

ಇನ್ನೊಂದು ಆಚರಣೆ ಇದೆ. ಕಂತಿನ ಕೊನೆಗೆ ಮುಂದಿನ ವಾರ ಏನು ಅಂತ ಹೇಳಿದ ಮೇಲೆ ಸಜಾಎ ನೋಡುವವರ ಜೊತೆ ಕಲ್ಲು-ಕಾಗದ-ಕತ್ತರಿ ಆಡುತ್ತಾಳೆ. ಮೊದಲು ಹಾಗಿರಲಿಲ್ಲ. ತಿಂಡಿಯೊಂದನ್ನು ಮೇಲಕ್ಕೆಸೆದು ಬಾಯಲ್ಲಿ ಹಿಡಿದು, ಗಂಟಲಿಗೆ ಸಿಕ್ಕಿಸಿಕೊಂಡು ಗುಟುಕ್ ಅನ್ನುತ್ತಿದ್ದಳು. ಮಕ್ಕಳು ಅದನ್ನೇ ಮಾಡಿದರೆ ಅಪಾಯ ಅಂತ 1991ರಲ್ಲಿ ಈ ಆಟ ಬಂತು. ಅವತ್ತಿನಿಂದ ಪ್ರತಿ ವಾರ ಸಜಾಎ ಯಾವ ಕೈ ತೋರಿಸಿದಳು ಅಂತ ಬರೆದಿಟ್ಟುಕೊಂಡು, ಮುಂದಿನ ವಾರದ್ದನ್ನು ಊಹಿಸುವ ಅಭಿಮಾನಿಗಳಿದ್ದಾರೆ. ಅವರ ಊಹೆ ಬಹಳ ಸಲ ಸರಿಯಾಗಿಯೂ ಇರುತ್ತದೆ. ನಗಬೇಡಿ, ನಮ್ಮಲ್ಲಿ ಟಾಸ್ ಗೆದ್ದವರ ಪಟ್ಟಿ ಇಡುವವರಿಲ್ವಾ?

ಕೈಕೆಲಸದ ಬಗ್ಗೆ ಒಂದು ಮಾತು. ಅನಿಮೆ ಅಂದರೆ ಮೊದಲು ಹೀಗಿತ್ತು: ಪಾರದರ್ಶಕ ಹಾಳೆಯ ಮುಂಭಾಗದಲ್ಲಿ ಗೆರೆ, ಹಿಂಭಾಗದಿಂದ ಕುಂಚದಲ್ಲಿ ಬಣ್ಣ, ಒಣಗಿದ ಮೇಲೆ ಹಿನ್ನೆಲೆಯ ಚಿತ್ರದ ಮೇಲಿಟ್ಟು ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್. ಹೊಸ ಶತಮಾನ ಬರುತ್ತಿದ್ದಂತೆ ಎಲ್ಲರೂ ಕಂಪ್ಯೂಟರಿಗೆ ಹೋದರು. ಟಿವಿ ಅನಿಮೆಗಳಲ್ಲಿ ಕೊನೆಯವರೆಗೆ ಕೈಬಣ್ಣ ಬಿಡದೆ ಕೂತವರು ಎಇಕೆನ್‌ನವರು. ಅಂಥ ಹಾಳೆಯ ಕೊನೆಯ ಚಿತ್ರಗಳು ಪ್ರಸಾರವಾದದ್ದು 2013ರ ಸೆಪ್ಟೆಂಬರ್ 29ರಂದು. ಆಮೇಲೆ ಸಜಾಎಯೂ ಪೂರ್ತಿ ಡಿಜಿಟಲ್.

ಈಗ, ನಾವು ಯಾಕೆ ನೋಡಿಲ್ಲ ಅನ್ನುವ ಪ್ರಶ್ನೆ. ಅಕ್ಕತಂಗಿಯರ ಪ್ರಕಾಶನ ನೆನಪಿದೆಯಲ್ಲ? ಹಾಸೆಗಾವಾಗೆ ತನ್ನ ಪಾತ್ರಗಳನ್ನು ಯಾರ್‍ಯಾರೋ ಬಳಸುವುದು ಇಷ್ಟವಿರಲಿಲ್ಲ. ಒಂದು ಬಸ್ ಕಂಪನಿ 1951ರಿಂದ ತನ್ನ ಪ್ರವಾಸಿ ಬಸ್ಸುಗಳ ಮೇಲೆ ಸಜಾಎ, ಕಾತ್ಸುಓ, ವಾಕಾಮೆ ಮೂವರ ತಲೆ ಬರೆಸಿ ಓಡಿಸುತ್ತಿತ್ತು. ಅವರು ಕೋರ್ಟಿಗೆ ಹೋದರು. ಕಂಪನಿಯ ವಾದ ಏನು ಅಂದರೆ, ಇದು ಯಾವ ಸ್ಟ್ರಿಪ್ಪಿನ ಯಾವ ಚೌಕದ ನಕಲು ತೋರಿಸಿ. 1976ರಲ್ಲಿ ತೋಕಿಯೊ ಜಿಲ್ಲಾ ನ್ಯಾಯಾಲಯ ಹೇಳಿತು: ಯಾವ ಚೌಕ ಅಂತ ತೋರಿಸಬೇಕಾಗಿಲ್ಲ, ನೋಡಿದವರಿಗೆಲ್ಲ ಇದು ಸಜಾಎ ಅಂತ ಗೊತ್ತಾಗುತ್ತದೆ, ಅಷ್ಟು ಸಾಕು, ಕೃತಿಸ್ವಾಮ್ಯ ಮುರಿದಂತೆಯೇ. ಜಪಾನಿನಲ್ಲಿ ಪಾತ್ರಗಳ ಹಕ್ಕಿನ ಬಗ್ಗೆ ಕಾನೂನು ಓದುವವರು ಇವತ್ತಿಗೂ 'ಸಜಾಎ-ಸಾನ್ ಬಸ್ ಕೇಸ್' ಓದುತ್ತಾರೆ. ಪಿಕಾಚುವಿನಂಥ ಕಾರ್ಟೂನ್ ಪಾತ್ರಗಳಿರುವ ದೇಶದಲ್ಲಿ ಇದು ಸಣ್ಣ ತೀರ್ಪಲ್ಲ.

ಅದೇ ಬಿಗಿ ಅನಿಮೆಗೂ ಬಂತು. ಇಷ್ಟು ಸಾವಿರ ಕಥೆಗಳು, ಅಂಗಡಿಯಲ್ಲಿ ಒಂದು ಕ್ಯಾಸೆಟ್ ಬರಲಿಲ್ಲ, ಡಿವಿಡಿ ಬರಲಿಲ್ಲ. ಬಂದಾಗ ನೋಡಬೇಕು, ತಪ್ಪಿದರೆ ತಪ್ಪಿತು. 2018ರ ಡಿಸೆಂಬರಿನಲ್ಲಿ ಶುರುವಿನ ಕೆಲವು ವರ್ಷಗಳ ಕಂತುಗಳು ಮೊದಲ ಸಲ ಸ್ಟ್ರೀಮಿಂಗ್‌ಗೆ ಬಂದವು, ಅದೂ ಜಪಾನಿನೊಳಗೆ. ಹಾಸೆಗಾವಾ 1992ರ ಮೇ 27ರಂದು ತೀರಿಕೊಂಡರು, 72 ವರ್ಷ. ಅವರ ಇಚ್ಛೆಯಂತೆ ಸುದ್ದಿಯನ್ನು ಒಂದು ತಿಂಗಳು ಹೊರಗೆ ಬಿಡಲಿಲ್ಲ. ಬಿಟ್ಟ ಮೇಲೆ ಸರ್ಕಾರ ರಾಷ್ಟ್ರೀಯ ಗೌರವ ಪ್ರಶಸ್ತಿ ಕೊಟ್ಟಿತು.

ತೋಕಿಯೊದ ಸೆತಗಾಯಾದಲ್ಲಿ, ಸಾಕುರಾಶಿನ್ಮಾಚಿ ಸ್ಟೇಷನ್ನಿನ ಹತ್ತಿರ, ಅವರ ಮ್ಯೂಸಿಯಂ ಇದೆ, 1985ರಲ್ಲಿ ತೆರೆದದ್ದು. 2020ರಲ್ಲಿ ರಸ್ತೆಯ ಎದುರು ಬದಿಗೆ ಇನ್ನೊಂದು ಕಟ್ಟಡವೂ ಆಯಿತು. ಅಂಗಡಿ ಬೀದಿಯವರು 2012ರಲ್ಲಿ ಇಡೀ ಮನೆಯವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಸ್ವಲ್ಪ ದಿನಕ್ಕೇ ಯಾರೋ ನಾಮಿಹೇಯ ಆ ಒಂದೇ ಕೂದಲನ್ನು ಕಿತ್ತುಕೊಂಡು ಹೋದರು. ಹೊಸದು ಹಾಕಿಸಿದರು, ಅದನ್ನೂ ಕಿತ್ತರು. ಪೊಲೀಸರ ತನಕ ಹೋಯಿತು ವಿಷಯ. ಇದೇ ಸುದ್ದಿ 1955ರಲ್ಲಿ ಬಂದಿದ್ದರೆ ಮಾರನೆಯ ಬೆಳಿಗ್ಗೆ ಅಸಾಹಿಯಲ್ಲಿ ನಾಲ್ಕು ಚೌಕ ತಯಾರಾಗಿರುತ್ತಿತ್ತು.

ಓದಬೇಕು ಅನ್ನಿಸಿದವರಿಗೆ: ಕನ್ನಡದಲ್ಲಿ ಇದನ್ನು ನಾನು ಕಂಡಿಲ್ಲ. ಇಂಗ್ಲಿಷ್ ಮತ್ತು ಜಪಾನಿ ಎರಡೂ ಇರುವ ಹನ್ನೆರಡು ಸಂಪುಟಗಳ ಒಂದು ಆಯ್ಕೆಯನ್ನು ಕೊದಾನ್ಶಾ ಪ್ರಕಾಶನದವರು 1990ರ ದಶಕದ ಕೊನೆಯಲ್ಲಿ ತಂದರು. ಹಳೆಯ ಪುಸ್ತಕ ಮಾರುವವರ ಹತ್ತಿರ ಹುಡುಕಿ. ಸಿಕ್ಕರೆ ಅನಿಮೆ ನೋಡುವ ಮೊದಲು ಇದನ್ನೇ ಓದಿ, ಅದೂ ಶುರುವಿನ ವರ್ಷಗಳದ್ದನ್ನು. ದಿನಕ್ಕೆ ಒಂದೆರಡು ಸ್ಟ್ರಿಪ್ ಸಾಕು, ಒಂದೇ ಏಟಿಗೆ ನೂರು ಓದಿದರೆ ನಗು ಸತ್ತುಹೋಗುತ್ತದೆ, ಅವು ಹಾಗೆ ಓದಲು ಬರೆದದ್ದಲ್ಲ. ಕೆಲವು ಅರ್ಥವಾಗುವುದಿಲ್ಲ, ಅವತ್ತಿನ ಸುದ್ದಿ ನಮಗೆ ಗೊತ್ತಿಲ್ಲವಲ್ಲ. ಅಂಥವನ್ನು ದಾಟಿ ಮುಂದೆ ಹೋಗಿ. ಈಗ ಪ್ರಶ್ನೆಗಳಿದ್ದರೆ ಕೇಳಿ.